ಪ್ರೋಟೀನ್ ವಿಧಾನಗಳ ಸೆಮಿನಾರ್‌ಗಳಿಂದ ನನಗೆ ಏನೂ ಸಿಗುತ್ತಿಲ್ಲ, ತಪ್ಪು ನನ್ನದಾ?

ಎರಡನೇವರ್ಷದವಳು:

ನಮ್ಮಲ್ಲಿ ಪ್ರೋಟೀನ್ ಆಸಕ್ತರ ಒಂದು ಗುಂಪಿದೆ. ಬೇರೆ ಬೇರೆ ಲ್ಯಾಬಿನವರು ಸೇರಿ ಕಟ್ಟಿಕೊಂಡದ್ದು. ಹದಿನೈದು ದಿನಕ್ಕೊಮ್ಮೆ ಸೆಮಿನಾರ್, ಪ್ರತಿ ಸಲ ಒಂದೊಂದು ವಿಧಾನದ ಮೇಲೆ. ಒಂದು ಸಲ ಕ್ರಯೋ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡೋದು), ಒಂದು ಸಲ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ರಚನೆ ತಿಳಿಯೋದು), ಮತ್ತೊಂದು ಸಲ ಮಾಸ್ ಸ್ಪೆಕ್ (ಅಣುಗಳ ತೂಕ ಅಳೆಯೋದು). ನಾನು ಪಿಎಚ್‌ಡಿ ಎರಡನೇ ವರ್ಷ. ಇಲ್ಲಿತನಕ ಹನ್ನೊಂದು ಸೆಮಿನಾರ್ ಆಗಿದೆ, ಒಂದನ್ನೂ ತಪ್ಪಿಸಿಲ್ಲ, ಎಲ್ಲದಕ್ಕೂ ನೋಟ್ಸ್ ಬರೆದುಕೊಂಡಿದ್ದೇನೆ. ಮೊನ್ನೆ ಆ ನೋಟ್‌ಬುಕ್ ತೆಗೆದು ನೋಡಿದರೆ ನನ್ನ ಕೆಲಸಕ್ಕೆ ಬರುವ ಸಾಲು ಒಂದೂ ಇರಲಿಲ್ಲ. ಯಾವ ಯಂತ್ರ, ಎಷ್ಟು ಕಿಲೋವೋಲ್ಟ್, ಎಷ್ಟು ಆಂಗ್‌ಸ್ಟ್ರಾಮ್ ಬಂತು (ಎಷ್ಟು ಸಣ್ಣ ವಿವರ ಕಾಣುತ್ತೆ ಅನ್ನೋ ಅಳತೆ, ಕಡಿಮೆಯಾದಷ್ಟೂ ಸ್ಪಷ್ಟ), ಕೊನೆಗೆ ಬಣ್ಣಬಣ್ಣದ ರಿಬ್ಬನ್ ಚಿತ್ರ. ಅಷ್ಟೇ.

ಮಾತಾಡಲು ಬರುವವರೆಲ್ಲ ಗೆದ್ದ ಕಥೆ ಮಾತ್ರ ಹೇಳುತ್ತಾರೆ. ಪ್ರೋಟೀನ್ ತೆಗೆದೆವು, ಶುದ್ಧ ಮಾಡಿದೆವು, ರಚನೆ ಬಂತು. "ಶುದ್ಧ ಮಾಡಿದೆವು" ಅನ್ನೋ ಎರಡು ಪದದ ಒಳಗೆ ನನ್ನ ಎಂಟು ತಿಂಗಳು ಹೋಗಿದೆ!

ಈಗ ಇನ್ನೊಂದು ತಲೆನೋವು. ಮುಂದಿನ ಸರದಿ ನನ್ನದು. ಐಟಿಸಿ (ಅಣುಗಳು ಒಂದಕ್ಕೊಂದು ಅಂಟುವಾಗ ಆಗುವ ಶಾಖದ ಬದಲಾವಣೆ ಅಳೆಯುವ ವಿಧಾನ) ಬಗ್ಗೆ ಮಾತಾಡು ಅಂದಿದ್ದಾರೆ, ಯಾಕೆಂದರೆ ನಾನು ಅದರಲ್ಲಿ ಡೇಟಾ ತೆಗೆದಿದ್ದೇನೆ. ನನ್ನ ಪ್ರೋಟೀನ್ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದು, ನಿಕ್ಕಲ್‌ಗೆ ಅಂಟುವ ಹಿಸ್ಟಿಡಿನ್ ಟ್ಯಾಗ್ ಇದೆ, ನಿಕ್ಕಲ್ ಕಾಲಂನಲ್ಲಿ ಹಿಡಿದು ಡಯಾಲಿಸಿಸ್ ಮಾಡಿ (ಬಫರ್ ಬದಲಿಸಿ) ನೇರವಾಗಿ ಐಟಿಸಿಗೆ ಹಾಕಿದೆ. ಒಂದು ಸಣ್ಣ ಅಣು ಅದಕ್ಕೆ ಅಂಟುತ್ತದೆ. ಚೆಂದದ ವಕ್ರರೇಖೆ ಬಂತು. ಆದರೆ ಎನ್ ಬೆಲೆ, ಅಂದರೆ ಒಂದು ಪ್ರೋಟೀನಿಗೆ ಎಷ್ಟು ಅಣು ಅಂಟುತ್ತವೆ ಅನ್ನೋದು, 0.48. ಮೂರು ಸಲ ಮಾಡಿದೆ, ಮೂರು ಸಲವೂ 0.5ರ ಹತ್ತಿರವೇ. ಎರಡು ಪ್ರೋಟೀನ್ ಸೇರಿ ಒಂದು ಅಣು ಹಿಡಿಯುತ್ತಿವೆ, ಡೈಮರ್ ಇದು, ಒಳ್ಳೆ ಕಥೆ ಅಂತ ಗೈಡ್ ಖುಷಿಯಾಗಿದ್ದಾರೆ. ನನಗೆ ಒಳಗೊಳಗೆ ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಆದರೆ ಏನು ಅಂತ ಹೇಳಲು ಬರುತ್ತಿಲ್ಲ.

ಎರಡು ಪ್ರಶ್ನೆ. ಇಂಥ ಸೆಮಿನಾರನ್ನು ಕೇಳೋದು ಹೇಗೆ? ನಾನು ಮಾತಾಡುವಾಗ ಏನು ತೋರಿಸಬೇಕು?


ತಣ್ಣನೆಬಫರ್:

ಮೊದಲು ಕೇಳೋದರ ಬಗ್ಗೆ. ನೀವು ಯಂತ್ರದ ವಿವರ ಬರೆದುಕೊಳ್ಳುತ್ತಿದ್ದೀರಿ, ಅದನ್ನು ಬಿಡಿ, ಅದು ಎಲ್ಲ ಕಡೆ ಸಿಗುತ್ತೆ. ನಾನು ಇಪ್ಪತ್ತು ವರ್ಷದಿಂದ ಪ್ರೋಟೀನ್ ಶುದ್ಧ ಮಾಡುವ ಕೆಲಸದಲ್ಲೇ ಇದ್ದೇನೆ. ಯಾವ ಸೆಮಿನಾರಿಗೆ ಹೋದರೂ ನಾನು ಕಾಯೋದು ಒಂದೇ ಸ್ಲೈಡಿಗೆ, ಜೆಲ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಬ್ಯಾಂಡ್‌ಗಳಾಗಿ ತೋರಿಸುವ ಪರೀಕ್ಷೆ) ಇರುವ ಸ್ಲೈಡಿಗೆ. ಅದು ಬರುವುದು ಐದು ಸೆಕೆಂಡ್. ಅಷ್ಟರಲ್ಲಿ ಪೂರ್ತಿ ಜೆಲ್ ತೋರಿಸಿದ್ದಾರಾ ಅಥವಾ ಒಂದು ಬ್ಯಾಂಡ್ ಮಾತ್ರ ಕತ್ತರಿಸಿ ಅಂಟಿಸಿದ್ದಾರಾ ನೋಡಿ. ಕತ್ತರಿಸಿದ್ದರೆ ಕೈ ಎತ್ತಿ ಪೂರ್ತಿ ಜೆಲ್ ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳಲ್ಲ, ಅವರ ಹತ್ತಿರ ಕೊನೆಯ ಸ್ಲೈಡ್‌ಗಳಲ್ಲಿ ಅದು ಇದ್ದೇ ಇರುತ್ತೆ.

ಆಮೇಲೆ ಸೈಜ್ ಕಾಲಂನ (ಗಾತ್ರದ ಪ್ರಕಾರ ಬೇರ್ಪಡಿಸಿ ದೊಡ್ಡದನ್ನು ಮೊದಲು ಹೊರಬಿಡುವ ಕಾಲಂ) ಪೀಕ್. ಬಹಳ ಜನ ತಮಗೆ ಬೇಕಾದ ಪೀಕ್ ಸುತ್ತ ಮಾತ್ರ ತೋರಿಸುತ್ತಾರೆ. ಅದಕ್ಕಿಂತ ಮೊದಲು, ವಾಯ್ಡ್ ವಾಲ್ಯೂಮ್‌ನಲ್ಲಿ, ಏನಿತ್ತು? ಗಂಟುಕಟ್ಟಿದ ಪ್ರೋಟೀನ್ ಹೊರಬರೋದು ಅಲ್ಲೇ. ಅರ್ಧ ಪ್ರೋಟೀನ್ ಅಲ್ಲಿ ಹೋಗಿ, ಉಳಿದದ್ದರಲ್ಲಿ ಪ್ರಯೋಗ ಮಾಡಿ, "ನಮ್ಮ ಪ್ರೋಟೀನ್ ಬಹಳ ಸ್ಥಿರ" ಅಂದವರನ್ನು ನೋಡಿದ್ದೇನೆ.

ಮೂರನೆಯದು, ಸಾಂದ್ರತೆ ಅಳೆದದ್ದು ಹೇಗೆ. ಇದನ್ನು ಯಾರೂ ಹೇಳಲ್ಲ, ಯಾರೂ ಕೇಳಲ್ಲ. ಮೈಕ್ರೋಮೋಲಾರ್ ಅಂತ ಅಕ್ಷದ ಮೇಲೆ ಬರೆದುಬಿಟ್ಟರೆ ಮುಗೀತು, ದೇವರೇ ಬಂದು ಹೇಳಿದ ಹಾಗೆ ಎಲ್ಲರೂ ನಂಬುತ್ತಾರೆ.

ಮೂರನೆಯದನ್ನು ನಿಮಗೇ ಕೇಳುತ್ತೇನೆ. ನಿಮ್ಮ ಐಟಿಸಿ ಸ್ಯಾಂಪಲ್ ಸಾಂದ್ರತೆ 280 ನ್ಯಾನೋಮೀಟರ್ ಬೆಳಕು ಎಷ್ಟು ಹೀರುತ್ತೆ ಅಂತ ನೋಡಿ ಅಳೆದದ್ದಾ? 260ರಲ್ಲಿ ಎಷ್ಟಿತ್ತು? 280ಕ್ಕೆ ಹೋಲಿಸಿದರೆ ಅನುಪಾತ ಎಷ್ಟು? ಜೆಲ್ ಹೇಗಿದೆ? ಸೈಜ್ ಕಾಲಂ ಓಡಿಸಿದ್ದೀರಾ? ಡೈಮರ್ ಅನ್ನೋ ಮಾತು ಈ ಉತ್ತರಗಳೆಲ್ಲ ಬಂದಮೇಲೆ.


ಹರಳುಹುಚ್ಚ:

ತಣ್ಣನೆಬಫರ್ ಹೇಳಿದ್ದು ಸರಿ, ಆದರೆ ಸ್ಯಾಂಪಲ್ಲಿನಲ್ಲೇ ನಿಂತುಬಿಟ್ಟರೆ ಸಾಲದು. ಲೆಕ್ಕದಲ್ಲಿ ಆಗುವ ತಪ್ಪು ಜೆಲ್‌ನಲ್ಲಿ ಕಾಣಲ್ಲ.

ನನಗೆ ಈ ಬುದ್ಧಿ ಬಂದದ್ದು ಒಂದು ಸೆಮಿನಾರಿನಲ್ಲೇ. ಕ್ರಯೋ-ಇಎಂ ಬಗ್ಗೆ ಮಾತಾಡಲು ಬಂದವರು ಮೊದಲ ಸ್ಲೈಡಿನಲ್ಲಿ ಐನ್‌ಸ್ಟೈನ್ ಮುಖ ಹಾಕಿದರು, ಸ್ವಲ್ಪ ಮಸುಕಾಗಿತ್ತು, ಆದರೆ ಮೀಸೆ ಕೂದಲು ಎಲ್ಲ ಸ್ಪಷ್ಟ. ಇದು ಸುಮಾರು ಸಾವಿರ ಚಿತ್ರಗಳ ಸರಾಸರಿ ಅಂದರು. ಆಮೇಲೆ ಆ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಬರೀ ಕಾಳು ಕಾಳು. ಯಾವುದರಲ್ಲೂ ಐನ್‌ಸ್ಟೈನ್ ಇಲ್ಲ, ಏನೂ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಗದ್ದಲ. ಆದರೆ ಪ್ರತಿ ಚಿತ್ರವನ್ನೂ ಐನ್‌ಸ್ಟೈನ್ ಫೋಟೋಗೆ ಹೋಲಿಸಿ, ಹೆಚ್ಚು ಹೊಂದುವ ಕಡೆಗೆ ಅಲ್ಲಾಡಿಸಿ ತಿರುಗಿಸಿ ಸರಾಸರಿ ತೆಗೆದರೆ ಐನ್‌ಸ್ಟೈನ್ ಎದ್ದು ಬರುತ್ತಾನೆ. ನೀನು ಏನು ಹುಡುಕುತ್ತೀಯೋ ಅದೇ ಸಿಗುತ್ತೆ. ಇದು ಆ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2013ರಲ್ಲಿ ರಿಚರ್ಡ್ ಹೆಂಡರ್ಸನ್ ಇದನ್ನೇ ಶೀರ್ಷಿಕೆಯಲ್ಲಿ ಇಟ್ಟು ಎಚ್ಚರಿಕೆ ಬರೆದರು. ಅವರಿಗೇ 2017ರಲ್ಲಿ ಡುಬೊಶೆ ಮತ್ತು ಫ್ರಾಂಕ್ ಜೊತೆ ನೊಬೆಲ್ ಬಂತು.

ನಾನು ಮಾಡೋದು ಎಕ್ಸ್‌ರೇ ಹರಳಿನ ಕೆಲಸ, ನಮ್ಮ ಮನೆಯ ಕಥೆಯೂ ಒಂದಿದೆ. 2006-07ರಲ್ಲಿ ಒಂದು ಹೆಸರುವಾಸಿ ಗುಂಪು ಐದು ಪ್ರಬಂಧ ಹಿಂದಕ್ಕೆ ತೆಗೆದುಕೊಂಡಿತು. ಜೀವಕೋಶದ ಪೊರೆಯಲ್ಲಿರುವ ಪ್ರೋಟೀನ್‌ಗಳ ರಚನೆ, ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಬಂದಿತ್ತು. ಏನಾಗಿತ್ತು ಗೊತ್ತಾ? ಲ್ಯಾಬಿನಲ್ಲಿ ಬಳಸುತ್ತಿದ್ದ ಒಂದು ಸಣ್ಣ ಪ್ರೋಗ್ರಾಂ ಎರಡು ಕಾಲಂ ಅಂಕಿಗಳನ್ನು ಅದಲುಬದಲು ಮಾಡಿತ್ತು. ಚಿಹ್ನೆ ತಿರುಗಿತು, ನಕ್ಷೆ ಉಲ್ಟಾ ಆಯಿತು, ಅದರ ಮೇಲೆ ಕಟ್ಟಿದ ರಚನೆಯೂ ತಪ್ಪಾಯಿತು. ಬೇರೆಯವರು ಅದೇ ಬಗೆಯ ಇನ್ನೊಂದು ಪ್ರೋಟೀನಿನ ರಚನೆ ಪ್ರಕಟಿಸಿದಾಗ ಎರಡಕ್ಕೂ ತಾಳೆಯಾಗಲಿಲ್ಲ, ಆಗ ಬಯಲಾಯಿತು. ಅಲ್ಲಿತನಕ ಎಷ್ಟು ಸೆಮಿನಾರಿನಲ್ಲಿ ಆ ಚಿತ್ರ ತೋರಿಸಿರಬಹುದು, ಎಷ್ಟು ಜನ ತಲೆಯಾಡಿಸಿರಬಹುದು, ಯೋಚಿಸಿ.

ಹಾಗಾಗಿ ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ. "ಇದು ತಪ್ಪಾಗಿದ್ದಿದ್ದರೆ ನಿಮ್ಮ ಡೇಟಾ ಹೇಗೆ ಕಾಣುತ್ತಿತ್ತು?" ಉತ್ತರ ಥಟ್ಟನೆ ಬಂದರೆ ಅವರು ಅದರ ಬಗ್ಗೆ ಯೋಚಿಸಿದ್ದಾರೆ. ತಡವರಿಸಿದರೆ ನೋಟ್‌ಬುಕ್‌ನಲ್ಲಿ ಒಂದು ನಕ್ಷತ್ರ ಹಾಕಿಕೊಳ್ಳಿ.

ಆಂಗ್‌ಸ್ಟ್ರಾಮ್ ಬರೆದುಕೊಂಡೆ ಅಂದಿರಲ್ಲ, ಅದು ವ್ಯರ್ಥ ಅಲ್ಲ, ಅರ್ಥ ಗೊತ್ತಿದ್ದರೆ ಆಯಿತು. 1958ರಲ್ಲಿ ಕೆಂಡ್ರೂ ತಂಡ ಮಯೋಗ್ಲೋಬಿನ್ ರಚನೆ ಕೊಟ್ಟಾಗ ಅದು 6 ಆಂಗ್‌ಸ್ಟ್ರಾಮ್. ಸುತ್ತಿ ಮಡಚಿಟ್ಟ ಕೊಳವೆಯ ಹಾಗೆ ಕಾಣುತ್ತಿತ್ತು, ಅಷ್ಟೇ. 1960ರಲ್ಲಿ 2 ಆಂಗ್‌ಸ್ಟ್ರಾಮಿಗೆ ಬಂದಾಗ ಅದೇ ಕೊಳವೆಗಳು ಆಲ್ಫಾ ಹೆಲಿಕ್ಸ್ ಅಂತ ಸ್ಪಷ್ಟವಾಯಿತು, ಪಕ್ಕದ ಸರಪಳಿಗಳೂ ಕಂಡವು. ಯಾರಾದರೂ 4 ಆಂಗ್‌ಸ್ಟ್ರಾಮ್ ನಕ್ಷೆ ಇಟ್ಟುಕೊಂಡು "ಈ ಹೈಡ್ರೋಜನ್ ಬಂಧ ನೋಡಿ" ಅಂದರೆ ನಗಬೇಡಿ, ಆದರೆ ನಂಬಬೇಡಿ.


ಸುಮ್ನೆಓದುಗ:

ಹನ್ನೊಂದು ಸೆಮಿನಾರ್ ಪೂರ್ತಿ ಎಚ್ಚರವಾಗಿ ಕೇಳಿದ್ದೀರಿ ಅಂದರೆ ನೀವು ಈಗಾಗಲೇ ನಮಗಿಂತ ಮುಂದಿದ್ದೀರಿ.


ಎರಡನೇವರ್ಷದವಳು:

ಅಯ್ಯೋ ನಿದ್ದೆ ಮಾಡಿಲ್ಲ ಅಂತ ಎಲ್ಲಿ ಹೇಳಿದೆ!

ತಣ್ಣನೆಬಫರ್ ಅವರಿಗೆ: ಹೌದು, 280ರಲ್ಲೇ ಅಳೆದದ್ದು. ಜೆಲ್‌ನಲ್ಲಿ ಒಂದೇ ಬ್ಯಾಂಡ್, 34 ಕಿಲೋಡಾಲ್ಟನ್, ಕೂಮಾಸಿ ಬಣ್ಣದಲ್ಲಿ ಬೇರೇನೂ ಇಲ್ಲ, ಅಷ್ಟು ಚೆನ್ನಾಗಿ ಬಂದಿದ್ದಕ್ಕೇ ಸೈಜ್ ಕಾಲಂ ಬೇಡ ಅಂತ ಬಿಟ್ಟಿದ್ದೆ. ನೀವು ಕೇಳಿದಮೇಲೆ ನಿನ್ನೆ ಉಳಿದಿದ್ದ ಸ್ಯಾಂಪಲ್ ಓಡಿಸಿದೆ. ಮಾನೋಮರ್ (ಒಂಟಿ ಪ್ರೋಟೀನ್) ಬರಬೇಕಾದ ಜಾಗದಲ್ಲಿ ಒಂದು ಪೀಕ್ ಇದೆ. ವಾಯ್ಡ್‌ನಲ್ಲಿ ಇನ್ನೊಂದು, ಅದಕ್ಕಿಂತ ದೊಡ್ಡದು. ಡೈಮರ್ ಜಾಗದಲ್ಲಿ ಏನೂ ಇಲ್ಲ. 260/280 ಅನುಪಾತ 1.3. ಇದು ಜಾಸ್ತಿನಾ? ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ 2, ಟೈರೋಸಿನ್ 9.


ತಣ್ಣನೆಬಫರ್:

ಜಾಸ್ತಿನಾ ಅಂತ ಕೇಳುತ್ತೀರಲ್ಲ! ಶುದ್ಧ ಪ್ರೋಟೀನಿಗೆ ಅದು ಸುಮಾರು 0.57, ಶುದ್ಧ ಆರ್‌ಎನ್‌ಎಗೆ ಸುಮಾರು 2. ನೀವು ನಡುವೆ ನಿಂತಿದ್ದೀರಿ. ನಿಮ್ಮ ಪ್ರೋಟೀನಿಗೆ ಬ್ಯಾಕ್ಟೀರಿಯಾದ ಆರ್‌ಎನ್‌ಎ ಅಂಟಿಕೊಂಡು ಬಂದಿದೆ. ಡಿಎನ್‌ಎ ತುಂಡುಗಳೂ ಇರಬಹುದು.

ಲೆಕ್ಕ ಹಾಕಿ ತೋರಿಸುತ್ತೇನೆ, ಕಾಗದ ಪೆನ್ನು ಸಾಕು. 280ರಲ್ಲಿ ಬೆಳಕು ಹೀರುವುದು ಮುಖ್ಯವಾಗಿ ಟ್ರಿಪ್ಟೊಫಾನ್ ಮತ್ತು ಟೈರೋಸಿನ್. ಒಂದು ಟ್ರಿಪ್ಟೊಫಾನಿಗೆ 5500, ಒಂದು ಟೈರೋಸಿನಿಗೆ 1490. ನಿಮ್ಮದು 2 ಸಲ 5500, 9 ಸಲ 1490, ಕೂಡಿದರೆ 24,410. ಅದನ್ನು 34,000ದಿಂದ ಭಾಗಿಸಿ, ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಪ್ರೋಟೀನ್ ಇದ್ದರೆ ರೀಡಿಂಗ್ 0.72. ಈಗ ಅಷ್ಟೇ ತೂಕದ ಆರ್‌ಎನ್‌ಎ ತೆಗೆದುಕೊಳ್ಳಿ. 260ರಲ್ಲಿ 25, 280ರಲ್ಲಿ ಅದರ ಅರ್ಧ, ಅಂದರೆ ಸುಮಾರು 12.5. ಹಾಗಾದರೆ ನೂರು ಪಾಲು ಪ್ರೋಟೀನಿಗೆ ಆರೇ ಆರು ಪಾಲು ಆರ್‌ಎನ್‌ಎ ಸೇರಿದರೂ 280ರ ರೀಡಿಂಗ್ ಎರಡರಷ್ಟು ಆಗುತ್ತೆ.

ಅನುಪಾತದಿಂದಲೂ ಅದೇ ಬರುತ್ತೆ. ಪ್ರೋಟೀನ್ ಅರ್ಧ, ಆರ್‌ಎನ್‌ಎ ಅರ್ಧ ಬೆಳಕು ಹೀರಿದರೆ 0.57 ಮತ್ತು 2ರ ಸರಾಸರಿ, ಸುಮಾರು 1.3. ನಿಮ್ಮದು 1.3.

ಅಂದರೆ ನೀವು ಐಟಿಸಿ ಸೆಲ್‌ಗೆ 40 ಮೈಕ್ರೋಮೋಲಾರ್ ಹಾಕಿದ್ದೇನೆ ಅಂದುಕೊಂಡಿದ್ದರೆ ಅಲ್ಲಿ ಇದ್ದದ್ದು 20. ಅಣು ಒಂದಕ್ಕೊಂದು ಸರಿಯಾಗಿ ಅಂಟಿದೆ ಪಾಪ. ಸಾಫ್ಟ್‌ವೇರ್ ನೀವು ಹೇಳಿದ 40 ನಂಬಿ, 20ನ್ನು 40ರಿಂದ ಭಾಗಿಸಿ 0.5 ಅಂತ ಕೊಟ್ಟಿದೆ. ಮೂರು ಸಲವೂ ಅದೇ ಬಂದದ್ದಕ್ಕೆ ಕಾರಣ ಮೂರು ಸಲವೂ ಅದೇ ಪ್ರೋಟೀನ್, ಅದೇ ಕಸ. ಡೈಮರ್ ಇಲ್ಲ.

ಜೆಲ್ ಚೆನ್ನಾಗಿತ್ತಲ್ಲ ಅಂತ ನೀವು ಕೇಳಬಹುದು. ಕೂಮಾಸಿ ಅಂಟೋದು ಪ್ರೋಟೀನಿಗೆ. ಆರ್‌ಎನ್‌ಎ ಅದರ ಕಣ್ಣಿಗೇ ಬೀಳಲ್ಲ.

ಮಾಡಬೇಕಾದ್ದು: ಕಾಲಂ ಮೇಲೆ ಪ್ರೋಟೀನ್ ಇರುವಾಗಲೇ 1 ಮೋಲಾರ್ ಉಪ್ಪಿನ ಬಫರಿನಲ್ಲಿ ಚೆನ್ನಾಗಿ ತೊಳೆಯಿರಿ. ಆರ್‌ಎನ್‌ಎ ಅಂಟಿರೋದು ಚಾರ್ಜಿನಿಂದ, ಉಪ್ಪು ಅದನ್ನು ಸಡಿಲಿಸುತ್ತೆ. ಸಾಲದಿದ್ದರೆ ನ್ಯೂಕ್ಲಿಯೇಸ್ (ಆರ್‌ಎನ್‌ಎ, ಡಿಎನ್‌ಎ ಕತ್ತರಿಸುವ ಎಂಜೈಮ್). ಅದಕ್ಕೂ ಬಗ್ಗದಿದ್ದರೆ ಹೆಪಾರಿನ್ ಕಾಲಂ. ಆಮೇಲೆ ಸೈಜ್ ಕಾಲಂ, ಇನ್ನೊಮ್ಮೆ ಬಿಡಬೇಡಿ. ಸಾಂದ್ರತೆಯನ್ನು ಬ್ರಾಡ್‌ಫರ್ಡ್‌ನಲ್ಲೂ (ಬಣ್ಣ ಹಾಕಿ ಪ್ರೋಟೀನ್ ಅಳೆಯುವ ವಿಧಾನ) ಒಮ್ಮೆ ನೋಡಿ. ಅದು ಆರ್‌ಎನ್‌ಎಗೆ ಹೆಚ್ಚು ತಲೆಕೆಡಿಸಿಕೊಳ್ಳಲ್ಲ, ಆದರೆ ಅರ್ಜಿನಿನ್ ಎಷ್ಟಿದೆ ಅನ್ನೋದರ ಮೇಲೆ ಹೆಚ್ಚುಕಮ್ಮಿ ಆಗುತ್ತೆ, ಹಾಗಾಗಿ ಅದನ್ನೂ ದೇವರವಾಕ್ಯ ಅಂದುಕೊಳ್ಳಬೇಡಿ.


ಕುರ್ಚಿಜೋಡಿಸುವವ:

ನಾನು ಇಂಥದೇ ಒಂದು ಗುಂಪಿನ ಸೆಮಿನಾರ್ ನಡೆಸುತ್ತೇನೆ. ನಡೆಸುತ್ತೇನೆ ಅಂದರೆ ಮೇಲ್ ಕಳಿಸೋದು, ಕೋಣೆ ಹಿಡಿಯೋದು, ಕುರ್ಚಿ ಜೋಡಿಸೋದು. ಶುರುವಿನಲ್ಲಿ ನಮ್ಮದೂ ನಿಮ್ಮದರ ಹಾಗೇ ಇತ್ತು. ದೊಡ್ಡವರನ್ನು ಕರೆಯೋದು, ಅವರು ಒಂದು ಗಂಟೆ ಮಾತಾಡೋದು, ಕೊನೆಗೆ ಇಬ್ಬರು ಪ್ರೊಫೆಸರ್‌ಗಳು ತಮ್ಮತಮ್ಮಲ್ಲೇ ವಾದ ಮಾಡೋದು. ಮೊದಲಿಗೆ ನಲವತ್ತು ಜನ ಇದ್ದದ್ದು ವರ್ಷ ಮುಗಿಯುವ ಹೊತ್ತಿಗೆ ಒಂಬತ್ತಕ್ಕೆ ಬಂತು. ಒಂಬತ್ತರಲ್ಲಿ ನಾನೂ ಒಬ್ಬ.

ಆಮೇಲೆ ಬದಲಾಯಿಸಿದೆವು. ಮಾತು ಇಪ್ಪತ್ತೈದು ನಿಮಿಷ ಮೀರಬಾರದು. ಮೊದಲ ಹತ್ತು ನಿಮಿಷ ಪ್ರಶ್ನೆ ಕೇಳುವ ಹಕ್ಕು ವಿದ್ಯಾರ್ಥಿಗಳಿಗೆ ಮಾತ್ರ, ಪ್ರೊಫೆಸರ್‌ಗಳು ಬಾಯಿ ಮುಚ್ಚಿಕೊಂಡಿರಬೇಕು. ಇದಕ್ಕೆ ಎಷ್ಟು ವಿರೋಧ ಬಂತು ಕೇಳಬೇಡಿ. ಒಬ್ಬರು ಎರಡು ತಿಂಗಳು ಬರಲೇ ಇಲ್ಲ. ಈಗ ಅವರೇ ಹೊಸಬರಿಗೆ ಈ ನಿಯಮ ಹೇಳಿಕೊಡುತ್ತಾರೆ.

ಇನ್ನೊಂದು, ಕತ್ತರಿಸದ ಜೆಲ್ ಕಡ್ಡಾಯ. ಎಸ್‌ಡಿಎಸ್ ಜೆಲ್‌ಗೆ ಎಲ್ಲರೂ ಹೆಸರು ಹೇಳುವ ಲೆಮ್ಲಿ ಅವರ 1970ರ ಪ್ರಬಂಧ ತೆಗೆದು ನೋಡಿ, ಅದರ ವಿಷಯ ಜೆಲ್ಲೇ ಅಲ್ಲ. ಟಿ4 ಅನ್ನೋ ವೈರಸ್ಸಿನ ತಲೆ ಹೇಗೆ ಜೋಡಣೆಯಾಗುತ್ತೆ ಅನ್ನೋದು ಅದರ ವಿಷಯ. ವಿಧಾನ ಒಂದು ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಐವತ್ತು ವರ್ಷದಿಂದ ಜಗತ್ತೆಲ್ಲ ಬಳಸೋದು ಆ ಸಣ್ಣ ಅಕ್ಷರವನ್ನು. ಹಾಗಾಗಿ ನಮ್ಮಲ್ಲಿ ಮಾತಾಡಲು ಬಂದವರಿಗೆ ನಾನು ಹೇಳೋದು, ನಿಮ್ಮ ಸಣ್ಣ ಅಕ್ಷರ ತೋರಿಸಿ, ತಲೆಬರಹ ನಾವು ಓದಿಕೊಳ್ಳುತ್ತೇವೆ.

ನಿಮ್ಮ ಮಾತಿಗೆ ವಿಷಯ ಹುಡುಕಬೇಕಾಗಿಲ್ಲ. 0.48 ಸಿಕ್ಕಿದೆಯಲ್ಲ. ಅದರಿಂದಲೇ ಶುರು ಮಾಡಿ, ಡೈಮರ್ ಕಥೆ ಪೂರ್ತಿ ಹೇಳಿ, ಎಲ್ಲರೂ ನಂಬಿದಮೇಲೆ 1.3 ತೋರಿಸಿ.


ಹರಳುಹುಚ್ಚ:

ಒಂದು ತಕರಾರು. ಈ "ಸೋತದ್ದು ತೋರಿಸಿ" ಅನ್ನೋದು ಈಗ ಒಂದು ಫ್ಯಾಷನ್ ಆಗಿದೆ. ಒಬ್ಬರು ಬಂದು ಮೂವತ್ತು ಸ್ಲೈಡ್ ಬರೀ ಕೆಟ್ಟ ಜೆಲ್ ತೋರಿಸಿ "ನೋಡಿ ವಿಜ್ಞಾನ ಎಷ್ಟು ಕಷ್ಟ" ಅಂದು ಕೂತರು. ಯಾಕೆ ಕೆಟ್ಟಿತು ಅಂತ ಕೇಳಿದರೆ ಗೊತ್ತಿಲ್ಲ ಅಂದರು. ಅದರಿಂದ ನನಗೇನು ಬಂತು? ಕಾರಣ ಹುಡುಕದೆ ಸೋಲು ತೋರಿಸಿದರೆ ಅದು ಸುಮ್ನೆ ಗೋಳು. ಹಾಗಾಗಿ ಎರಡನೇವರ್ಷದವರೇ, ಆರ್‌ಎನ್‌ಎ ತೆಗೆದು, ಐಟಿಸಿ ಮತ್ತೆ ಮಾಡಿ, ಎನ್ ಬೆಲೆ 1ರ ಹತ್ತಿರ ಬರುತ್ತಾ ನೋಡಿದಮೇಲೆ ಮಾತಾಡಿ. ಅಲ್ಲಿತನಕ ತಣ್ಣನೆಬಫರ್ ಹೇಳಿದ್ದೂ ಒಂದು ಊಹೆಯೇ, ಡೈಮರ್ ಇದ್ದ ಹಾಗೆ.


ತಣ್ಣನೆಬಫರ್:

ಒಪ್ಪಿದೆ. ನನ್ನ ಊಹೆಗೆ ಪೆನ್ನು ಕಾಗದದ ಬೆಂಬಲ ಇದೆ ಅನ್ನೋದು ಬಿಟ್ಟರೆ.


ಲೆಕ್ಕದಹುಡುಗ:

ನಾನು ಲ್ಯಾಬಿನಲ್ಲಿ ಕೈ ಹಾಕುವವನಲ್ಲ, ಕಂಪ್ಯೂಟರ್ ಕಡೆಯವನು. ಆಲ್ಫಾಫೋಲ್ಡ್ (ಪ್ರೋಟೀನಿನ ರಚನೆ ಊಹಿಸುವ ಎಐ) ಬಂದಮೇಲೆ ಈ ಸೆಮಿನಾರ್‌ಗಳೆಲ್ಲ ಯಾಕೆ ಬೇಕು ಅಂತ ನಮ್ಮ ಕಡೆ ಕೆಲವರು ಕೇಳುತ್ತಾರೆ. 2020ರ ಸ್ಪರ್ಧೆಯಲ್ಲಿ ಅದು ಗೆದ್ದದ್ದು, 2024ರಲ್ಲಿ ಅದನ್ನು ಮಾಡಿದ ಹಸಾಬಿಸ್, ಜಂಪರ್ ಅವರಿಗೆ ನೊಬೆಲ್ ಬಂದದ್ದು ಎಲ್ಲರಿಗೂ ಗೊತ್ತು. 20 ಕೋಟಿಗೂ ಜಾಸ್ತಿ ರಚನೆಗಳು ಸುಮ್ನೆ ಕೂತು ತೆಗೆದು ನೋಡಲು ಸಿಗುತ್ತವೆ. ಆದರೆ ಈ ಥ್ರೆಡ್ ಓದಿ ಅನ್ನಿಸಿದ್ದು, ಆ ರಚನೆ ಎಷ್ಟೇ ಚೆನ್ನಾಗಿದ್ದರೂ ಈ 1.3 ಅದರಲ್ಲಿ ಕಾಣಲ್ಲ. ಟ್ಯೂಬಿನಲ್ಲಿ ಏನಿದೆ ಅನ್ನೋದು ಟ್ಯೂಬ್ ನೋಡಿದವರಿಗೇ ಗೊತ್ತು.

ಆದರೂ ಕೇಳಿದವರಿಗೆ ಒಂದು ಮಾತು. ನಿಮ್ಮ ಪ್ರೋಟೀನಿನ ಆಲ್ಫಾಫೋಲ್ಡ್ ಮಾಡೆಲ್ ತೆಗೆದು ಮೇಲ್ಮೈ ಚಾರ್ಜ್ ಬಣ್ಣ ಹಾಕಿ ನೋಡಿ. ಒಂದು ಕಡೆ ದೊಡ್ಡ ಧನ ಚಾರ್ಜಿನ ಪಟ್ಟೆ ಇದ್ದರೆ ಆರ್‌ಎನ್‌ಎ ಅಲ್ಲೇ ಕೂತಿರುತ್ತೆ. ಜೊತೆಗೆ ಪಿಎಲ್‌ಡಿಡಿಟಿ ಅಂಕ (ಆ ಭಾಗದ ಬಗ್ಗೆ ಮಾಡೆಲ್‌ಗೆ ಎಷ್ಟು ಭರವಸೆ ಅನ್ನೋದು) ನೋಡಿ, 90ಕ್ಕಿಂತ ಮೇಲಿದ್ದರೆ ಆ ಭಾಗ ನಂಬಬಹುದು, 50ಕ್ಕಿಂತ ಕೆಳಗಿದ್ದರೆ ಅಲ್ಲಿ ಬರೆದಿರುವ ನೂಲಿನಂಥ ಆಕಾರಕ್ಕೆ ಅರ್ಥ ಹುಡುಕಬೇಡಿ, ಅದು ಬಹುಶಃ ಮಡಚಿಕೊಳ್ಳದ ಭಾಗ. ಇದನ್ನೇ ಸೆಮಿನಾರಿನಲ್ಲಿ ದೊಡ್ಡದಾಗಿ ತೋರಿಸಿ "ತೋಳು ಚಾಚಿದೆ" ಅಂದವರಿದ್ದಾರೆ.

ಇನ್ನೊಂದು, ನಿಮ್ಮದು 34 ಕಿಲೋಡಾಲ್ಟನ್ ಅಂದಿರಿ. ಕ್ರಯೋ-ಇಎಂಗೆ ಅದು ಬಹಳ ಸಣ್ಣದು, ಒಂಟಿಯಾಗಿ ಹಿಡಿಯೋದು ಕಷ್ಟ. ಹಾಗಾಗಿ ಆ ಸೆಮಿನಾರಿನಲ್ಲಿ ಏನೂ ಸಿಗಲಿಲ್ಲ ಅನ್ನೋದಕ್ಕೆ ಬೇಜಾರು ಬೇಡ. ಎನ್‌ಎಂಆರ್ ಆಗಬಹುದು, ಅದೂ ಸ್ವಲ್ಪ ಗಡಿಯಲ್ಲಿ. ಹರಳು ಬಂದರೆ ಒಳ್ಳೇದು, ಆದರೆ 1.3 ಇಟ್ಟುಕೊಂಡು ಹರಳಿಗೆ ಹೋಗಬೇಡಿ.


ಎರಡನೇವರ್ಷದವಳು:

ಮಾಡೆಲ್ ನೋಡಿದೆ. ಒಂದು ಪಕ್ಕ ಪೂರ್ತಿ ನೀಲಿ, ಅಂದರೆ ಧನ ಚಾರ್ಜ್. ನಗು ಬಂತು.

ಆದರೆ ನ್ಯೂಕ್ಲಿಯೇಸ್ ಕೆಲಸ ಮಾಡಲಿಲ್ಲ. ಹಳೆಯ ಶುದ್ಧ ಸ್ಯಾಂಪಲ್ಲಿಗೇ ಹಾಕಿ ಒಂದು ಗಂಟೆ ಇಟ್ಟೆ, ಆಮೇಲೆ ಅನುಮಾನ ಬಂದು ರಾತ್ರಿಯಿಡೀ ಇಟ್ಟೆ. ಮತ್ತೆ ಸೈಜ್ ಕಾಲಂ ಓಡಿಸಿದರೆ ವಾಯ್ಡ್ ಪೀಕ್ ಅಲ್ಲೇ ಅಷ್ಟೇ ಎತ್ತರ. ಎಂಜೈಮ್ ಸತ್ತಿದೆಯಾ ಅಂತ ಬೇರೆ ಟ್ಯೂಬಿನಿಂದಲೂ ನೋಡಿದೆ. ಡಯಾಲಿಸಿಸ್ ಬಫರಿನಲ್ಲಿ ಟ್ರಿಸ್, ಉಪ್ಪು, 1 ಮಿಲಿಮೋಲಾರ್ ಇಡಿಟಿಎ, ಅಷ್ಟೇ ಇರೋದು.


ತಣ್ಣನೆಬಫರ್:

ಕೊನೆಯ ಸಾಲು ನೀವೇ ಬರೆದಿದ್ದೀರಿ, ಇನ್ನೊಮ್ಮೆ ಓದಿ. ಈ ನ್ಯೂಕ್ಲಿಯೇಸ್‌ಗೆ ಮೆಗ್ನೀಸಿಯಂ ಬೇಕು. ಇಡಿಟಿಎ ಅದನ್ನು ಹಿಡಿದು ಕೂತಿದೆ. ಎಂಜೈಮ್ ಜೀವಂತ ಇದೆ, ಉಪವಾಸ ಕೂರಿಸಿದ್ದೀರಿ. ಶುದ್ಧ ಮಾಡಿದಮೇಲೆ ಹಾಕೋದೂ ತಡವಾಯಿತು. ಕೋಶ ಒಡೆದ ಕೂಡಲೇ, ಇಡಿಟಿಎ ಇಲ್ಲದ ಬಫರಿನಲ್ಲಿ, 2 ಮಿಲಿಮೋಲಾರ್ ಮೆಗ್ನೀಸಿಯಂ ಕೊಟ್ಟು ಹಾಕಿ. ಪ್ರೋಟಿಯೇಸ್ ತಡೆಯುವ ಮಾತ್ರೆ ಬಳಸುತ್ತಿದ್ದರೆ ಅದರಲ್ಲೂ ಇಡಿಟಿಎ ಇಲ್ಲದ್ದನ್ನು ತೆಗೆದುಕೊಳ್ಳಿ, ಇಲ್ಲದಿದ್ದರೆ ನಿಕ್ಕಲ್ಲನ್ನೂ ಕಿತ್ತುಕೊಂಡು ಹೋಗುತ್ತೆ.

ಟ್ರಿಸ್ ಅಂದಿರಿ, ಪಿಎಚ್ ಹೊಂದಿಸಿದ್ದು ಎಲ್ಲಿ? ಮೇಜಿನ ಮೇಲೆ 25 ಡಿಗ್ರಿಯಲ್ಲಿ 8.0 ಮಾಡಿ ಕೋಲ್ಡ್ ರೂಮಿನಲ್ಲಿ ಇಟ್ಟರೆ 4 ಡಿಗ್ರಿಯಲ್ಲಿ ಅದು ಸುಮಾರು 8.6 ಆಗಿರುತ್ತೆ. ಈ ಸಮಸ್ಯೆಗೆ ಅದು ಕಾರಣ ಅಲ್ಲ, ಆದರೆ ಹೇಳದೆ ಇರಲು ಆಗಲ್ಲ, ನನ್ನ ಹೆಸರೇ ಹಾಗಿದೆ.


ಎರಡನೇವರ್ಷದವಳು:

ಮೂರು ವಾರ ಆಯಿತು, ಬರೆಯಲು ತಡವಾಯಿತು.

ಹೊಸದಾಗಿ ಬೆಳೆಸಿ, ಮೆಗ್ನೀಸಿಯಂ ಕೊಟ್ಟು ನ್ಯೂಕ್ಲಿಯೇಸ್ ಹಾಕಿ, 1 ಮೋಲಾರ್ ಉಪ್ಪಿನಲ್ಲಿ ಕಾಲಂನ ಇಪ್ಪತ್ತು ಪಟ್ಟು ತೊಳೆದೆ. ಇಷ್ಟೂ ಮಾಡಿ ಅನುಪಾತ 0.8ರಲ್ಲಿ ನಿಂತಿತು. ಪಕ್ಕದ ಲ್ಯಾಬಿನಿಂದ ಹೆಪಾರಿನ್ ಕಾಲಂ ಸಾಲ ತಂದೆ. ಅದಾದಮೇಲೆ 0.59. ವಾಯ್ಡ್ ಪೀಕ್ ಈಗ ಒಂದು ಸಣ್ಣ ಗುಳ್ಳೆ ಮಾತ್ರ. ಸೈಜ್ ಕಾಲಂನ ಪೀಕ್‌ನಿಂದ ನೇರವಾಗಿ ಐಟಿಸಿ ಮಾಡಿದೆ. ಎನ್ ಬೆಲೆ 0.94. ಎರಡನೇ ಸಲ 0.97.

ನಿನ್ನೆ ಮಾತಾಡಿದೆ. ಕುರ್ಚಿಜೋಡಿಸುವವರು ಹೇಳಿದ ಹಾಗೇ ಡೈಮರ್ ಕಥೆಯಿಂದ ಶುರು ಮಾಡಿದೆ, ಹರಳುಹುಚ್ಚ ಅವರ ಮಾತಿನಂತೆ ಕೊನೆಗೆ ಹೊಸ ಡೇಟಾ ಇಟ್ಟೆ. ಮೂರನೇ ಸ್ಲೈಡಿನಲ್ಲಿ 0.48 ಬಂದಾಗ ಎಲ್ಲರೂ ತಲೆಯಾಡಿಸುತ್ತಿದ್ದರು, ಡೈಮರಿನ ಎರಡು ತುದಿ ಎಲ್ಲಿ ಸೇರುತ್ತವೆ ಅಂತ ಒಬ್ಬರು ಕೇಳಿಯೂ ಬಿಟ್ಟರು. ಮೊದಲ ವರ್ಷದ ಹುಡುಗನೊಬ್ಬ ಮಾತ್ರ "ಸಾಂದ್ರತೆ ಹೇಗೆ ಅಳೆದಿರಿ" ಅಂದ. ಅವನಿಗೆ ಈ ಥ್ರೆಡ್ ಗೊತ್ತಿತ್ತಾ ಅಂತ ನನಗೆ ಅನುಮಾನ.

ಗೈಡ್ ಮೊದಲ ಎರಡು ದಿನ ಸಪ್ಪಗಿದ್ದರು. ಈಗ ಲ್ಯಾಬಿನಲ್ಲಿ ನನಗಿಂತ ಹಿಂದೆ ಇದ್ದವರ ಐಟಿಸಿ ಡೇಟಾ ಎಲ್ಲ ತೆಗೆಸುತ್ತಿದ್ದಾರೆ. ನಾಲ್ಕು ನೋಟ್‌ಬುಕ್ ನೋಡಿದ್ದೇವೆ. 280ರ ಅಂಕಿ ಎಲ್ಲದರಲ್ಲೂ ಇದೆ. 260ರದ್ದು ಒಂದರಲ್ಲೂ ಬರೆದಿಲ್ಲ.


ಸುಮ್ನೆಓದುಗ:

ಪೂರ್ತಿ ಸ್ಪೆಕ್ಟ್ರಮ್ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ತಾನಾಗೇ ಸೇವ್ ಆಗಿರುತ್ತೆ. ಯಾರೂ ಫಾರ್ಮ್ಯಾಟ್ ಮಾಡಿಲ್ಲದಿದ್ದರೆ ತಾರೀಖು ಹಿಡಿದು ಹುಡುಕಿ. ಹೆಪಾರಿನ್ ಕಾಲಂ ವಾಪಸ್ ಕೊಡುವ ಮೊದಲು 2 ಮೋಲಾರ್ ಉಪ್ಪಿನಲ್ಲಿ ತೊಳೆದು ಕೊಡಿ.